ಗಿರಾಕಿಗೆ ಬರೆದ ನಾಲ್ಕು ಸಾಲು

ಸಂತೆಯಲ್ಲಿ ನಡೆಯುವ ಒಂದು ಸಣ್ಣ ಸಂಗತಿಯಿಂದ ಇವತ್ತಿನ ಮಾತು ಶುರು ಮಾಡುತ್ತೇನೆ. ಒಂದು ಕಿಲೋ ಬೀನ್ಸ್ ತೂಗಿ ಆಯಿತು. ತಕ್ಕಡಿ ಸಮಕ್ಕೆ ನಿಂತಿತು. ಆಮೇಲೂ ಮಾರುವಾಕೆಯ ಕೈ ಮತ್ತೆ ರಾಶಿಗೆ ಹೋಗುತ್ತದೆ. ಇನ್ನು ನಾಲ್ಕು ಕಾಯಿ ಚೀಲಕ್ಕೆ ಬೀಳುತ್ತವೆ. ಜೊತೆಗೆ ಒಂದು ಎಸಳು ಕರಿಬೇವು. ಇದಕ್ಕೆ ನಾವು ಕೊಸರು ಅನ್ನುತ್ತೇವೆ. ಆಕೆ ಬಾಯಿಬಿಟ್ಟು ಧನ್ಯವಾದ ಅನ್ನಲಿಲ್ಲ. ಆದರೆ ಆಕೆಯ ಕೈ ಅದನ್ನು ಹೇಳಿತು. ಬೆಳಗಿನ ಬೋಣಿಯ ದುಡ್ಡನ್ನು ಅಂಗಡಿಯವರು ಕಣ್ಣಿಗೊತ್ತಿಕೊಳ್ಳುವುದರಲ್ಲಿ ಇರುವುದೂ ಇದೇ ಭಾವ. ಆದರೆ ಎಲ್ಲ ವ್ಯಾಪಾರದಲ್ಲೂ ಕೊಸರು ಕೊಡಲು ಬರುವುದಿಲ್ಲ. ಹೊಲಿಗೆ ಯಂತ್ರ ಮಾರುವವರು ಒಂದು ಹಿಡಿ ಯಂತ್ರ ಹೆಚ್ಚಿಗೆ ಹಾಕಲಾರರು. ವಿಮೆ ಏಜೆಂಟರಿಗಂತೂ ಕಾನೂನೇ ಅಡ್ಡ ನಿಂತಿದೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ, ತಮ್ಮ ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆಂದು ಹೇಳಿ ಅವರು ಪಾಲಿಸಿ ಮಾಡಿಸುವಂತಿಲ್ಲ. ಹಾಗಾದರೆ ಇಂಥವರು ಗಿರಾಕಿಗೆ ಏನು ಕೊಡಬಹುದು? ತಮ್ಮ ಕೈಯಿಂದ ಬರೆದ, ವಂದನೆಯ ನಾಲ್ಕು ಸಾಲಿನ ಒಂದು ಕಾಗದ. ಇವತ್ತು ಮಾತಾಡುವುದು ಆ ಕಾಗದದ ಬಗ್ಗೆ.

ಕೃತಜ್ಞತೆ ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡೋಣ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ಅರಿತವರು. ಇನ್ನೊಬ್ಬರು ತನಗಾಗಿ ಮಾಡಿದ್ದನ್ನು ಅರಿತವರೇ ಕೃತಜ್ಞರು. ಗಮನಿಸಿ, ಈ ಪದದಲ್ಲಿ ಹೊಗಳಿಕೆ ಇಲ್ಲ. ಸಂತೋಷವೂ ಇಲ್ಲ. ಇರುವುದು ಅರಿವು. ಹಾಗಾದರೆ ಕೊಂಡವರು ಮಾಡಿದ್ದಾದರೂ ಏನು? ದುಡ್ಡು ಕೊಟ್ಟರು, ಸರಿ. ಆದರೆ ಅಷ್ಟೇ ಅಲ್ಲ. ನಾಲ್ಕು ಅಂಗಡಿ ಇರುವ ಬೀದಿಯಲ್ಲಿ ಈ ಅಂಗಡಿಯ ಮೆಟ್ಟಿಲು ಹತ್ತಿದರು. ಮನೆಯವರ ಜೊತೆ ಚರ್ಚೆ ಮಾಡಿ ಬಂದರು. ಯಾರೋ ಬೇಡ ಅಂದದ್ದನ್ನು ದಾಟಿ ಬಂದರು. ಕೆಲವೊಮ್ಮೆ ಬೆಳೆಯ ದುಡ್ಡು ಕೈಗೆ ಬರುವ ತನಕ ಕಾದು ಬಂದರು. ಮಾರುವವರ ಮಾತನ್ನು ನಂಬಿದರು. ಅಂಗಡಿಯ ಬಿಲ್ಲಿನ ಕೆಳಗೆ ‘ವಂದನೆಗಳು, ಮತ್ತೆ ಬನ್ನಿ’ ಎಂದು ಅಚ್ಚಾಗಿರುತ್ತದೆ. ಅದಕ್ಕೆ ಇದ್ಯಾವುದೂ ಗೊತ್ತಿಲ್ಲ. ಗಿರಾಕಿ ಬರುವ ಮೊದಲೇ ಅದು ಅಚ್ಚಾಗಿತ್ತು. ಹಾಗಾಗಿ ನನ್ನ ವಾದ ಇಷ್ಟು. ವಂದನೆಯ ಕಾಗದಕ್ಕೆ ಬಲ ಬರುವುದು ಸಿಹಿ ಮಾತಿನಿಂದ ಅಲ್ಲ. ‘ನೀವು ಮಾಡಿದ್ದು ನನಗೆ ಗೊತ್ತಾಯಿತು’ ಎಂಬುದನ್ನು ತೋರಿಸಿಕೊಡುವುದರಿಂದ. ಹಾಗೆ ತೋರಿಸಬೇಕಾದರೆ ಕಾಗದ ಆ ಒಬ್ಬರಿಗೇ ಬರೆದದ್ದಾಗಿರಬೇಕು. ಮತ್ತು ಅದು ಏನನ್ನೂ ಕೇಳಬಾರದು.

ಏನನ್ನೂ ಕೇಳಬಾರದು ಎಂದೆ. ವ್ಯಾಪಾರಿಗೆ ಇದು ಕಷ್ಟದ ಮಾತು. ಕಾಗದ ಬರೆಯುವುದೇ ಆಯಿತು, ಹೊಸ ಮಾಲಿನ ಸುದ್ದಿಯನ್ನೂ ಒಂದು ಸಾಲು ಸೇರಿಸಿದರೆ ತಪ್ಪೇನು ಎಂದು ಅನ್ನಿಸುವುದು ಸಹಜ. ಇದಕ್ಕೆ ಉತ್ತರ ಕೊಡುವ ಒಂದು ಹಳೆಯ ಪ್ರಯೋಗವಿದೆ. ಅಮೆರಿಕದ ಒಂದು ಒಡವೆ ಅಂಗಡಿಯಲ್ಲಿ ನಡೆದದ್ದು. 1976ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಂಗಡಿಯ ಗಿರಾಕಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಫೋನ್ ಮಾಡಿ ವಂದನೆ ಮಾತ್ರ ಹೇಳಿದರು. ಎರಡನೆಯ ಗುಂಪಿಗೆ ವಂದನೆ ಹೇಳಿ, ರಿಯಾಯಿತಿ ಮಾರಾಟ ಇದೆ ಎಂದೂ ತಿಳಿಸಿದರು. ಮೂರನೆಯ ಗುಂಪಿಗೆ ಫೋನೇ ಇಲ್ಲ. ಆಮೇಲೆ ಖರೀದಿಯ ಲೆಕ್ಕ ನೋಡಿದರು. ಬರೀ ವಂದನೆ ಕೇಳಿದವರ ಖರೀದಿ ನೂರಕ್ಕೆ ಸುಮಾರು 70 ಪಾಲು ಹೆಚ್ಚಿತ್ತು. ವಂದನೆಯ ಜೊತೆ ರಿಯಾಯಿತಿಯ ಸುದ್ದಿಯನ್ನೂ ಕೇಳಿದವರದು ಸುಮಾರು 30 ಪಾಲು. ಫೋನ್ ಬರದವರ ಖರೀದಿ ಏರಲಿಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರಿಯಾಯಿತಿ ಎಂಬುದು ಗಿರಾಕಿಗೆ ಲಾಭದ ಸುದ್ದಿಯೇ. ಸಾಮಾನ್ಯ ಲೆಕ್ಕದಲ್ಲಿ ಅದು ಮಾರಾಟವನ್ನು ಹೆಚ್ಚಿಸಬೇಕಿತ್ತು. ಆದರೆ ಅದು ವಂದನೆಯ ಬೆಲೆಯನ್ನೇ ತಿಂದು ಹಾಕಿತು. ಕಾರಣ ಊಹಿಸುವುದು ಕಷ್ಟವಲ್ಲ. ರಿಯಾಯಿತಿಯ ಮಾತು ಬಂದ ಕೂಡಲೇ ಕೇಳುವವರ ಮನಸ್ಸು ಹಿಂದಕ್ಕೆ ಓಡುತ್ತದೆ. ಓಹೋ, ಆ ವಂದನೆ ಹೇಳಿದ್ದು ಇದಕ್ಕೋ ಅನ್ನಿಸುತ್ತದೆ. ಉಪಕಾರ ನೆನೆಯಲು ಬಂದವರು ಮಾತಿನ ಕೊನೆಗೆ ಸಾಲ ಕೇಳಿದರೆ ಹೇಗಿರುತ್ತದೆ? ಹಾಗೆ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ವಂದನೆ ಎಂದರೆ ಅರಿವು. ಅದರ ಜೊತೆ ಬೇಡಿಕೆ ಸೇರಿದರೆ ಅರಿವು ಮಸುಕಾಗುತ್ತದೆ. ಈಗ ಮಾರಾಟದ ಜಗತ್ತಿನಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆಗೆ ಬರೋಣ. ಜೋ ಜಿರಾರ್ಡ್ ಎಂಬವರು ಅಮೆರಿಕದ ಡೆಟ್ರಾಯಿಟ್ ಸೀಮೆಯಲ್ಲಿ ಷೆವರ್ಲೆ ಕಾರು ಮಾರುತ್ತಿದ್ದರು. 1963ರಿಂದ ಸುಮಾರು 15 ವರ್ಷದಲ್ಲಿ ಅವರು ಮಾರಿದ್ದು 13 ಸಾವಿರ ಕಾರು. ಸಗಟಾಗಿ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು. 1973ರ ಒಂದೇ ವರ್ಷದಲ್ಲಿ 1,400ಕ್ಕೂ ಹೆಚ್ಚು. ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಅವರ ಹೆಸರು ಬಂತು. ತಮ್ಮಿಂದ ಕಾರು ಕೊಂಡ ಪ್ರತಿಯೊಬ್ಬರಿಗೂ ಅವರು ತಿಂಗಳಿಗೊಂದು ಕಾರ್ಡು ಕಳಿಸುತ್ತಿದ್ದರು. ಹಬ್ಬಕ್ಕೆ, ಹೊಸ ವರ್ಷಕ್ಕೆ, ಹೀಗೆ ಏನಾದರೂ ಒಂದು ನೆಪ. ಒಳಗೆ ಇರುತ್ತಿದ್ದದ್ದು ಒಂದು ಶುಭಾಶಯ. ಜೊತೆಗೆ ನೀವು ನನಗೆ ಇಷ್ಟ ಎಂಬ ಅರ್ಥದ ಒಂದು ಮಾತು. ಕೆಳಗೆ ಹೆಸರು. ಕಾರಿನ ಬೆಲೆ ಇಲ್ಲ, ಹೊಸ ಮಾಡೆಲ್ಲಿನ ವಿಷಯ ಇಲ್ಲ. ಲಕೋಟೆಯ ಅಳತೆ, ಬಣ್ಣ ಪ್ರತಿ ತಿಂಗಳೂ ಬೇರೆ. ಜಾಹೀರಾತು ಎಂದುಕೊಂಡು ಯಾರೂ ಒಡೆಯದೆ ಎಸೆಯಬಾರದು ಎಂಬುದು ಅವರ ಎಚ್ಚರ. ಇನ್ನೊಂದು ಎಚ್ಚರವೂ ಇತ್ತು. ತಿಂಗಳ 1ನೇ ಮತ್ತು 15ನೇ ತಾರೀಖಿನ ಸುಮಾರಿಗೆ ಅಲ್ಲಿನ ಮನೆಗಳಿಗೆ ಬಿಲ್ಲುಗಳು ಬರುತ್ತಿದ್ದವು. ಆ ದಿನಗಳಲ್ಲಿ ಅವರ ಕಾರ್ಡು ಹೋಗುತ್ತಿರಲಿಲ್ಲ. ಹಣ ಕೇಳುವ ಕಾಗದಗಳ ನಡುವೆ ತಮ್ಮ ಕಾಗದ ಸಿಕ್ಕಿಹಾಕಿಕೊಳ್ಳಬಾರದು ಎಂಬ ಈ ಸೂಕ್ಷ್ಮ ನನಗೆ ಬಹಳ ಹಿಡಿಸುತ್ತದೆ.

ಆದರೆ ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ಜಿರಾರ್ಡ್ ಅವರ ಕಾರ್ಡು ಅಚ್ಚಾದದ್ದು. ತಿಂಗಳಿಗೆ 13 ಸಾವಿರ ಕಾರ್ಡನ್ನು ಒಬ್ಬರು ಕೈಯಲ್ಲಿ ಬರೆಯಲಾರರು. ಅಲ್ಲದೆ ಅವರು ಒಳ್ಳೆಯ ದರ ಕೊಡುತ್ತಿದ್ದರು. ಮಾರಿದ ಮೇಲೂ ಗಿರಾಕಿಯ ರಿಪೇರಿಗೆ ನಿಲ್ಲುತ್ತಿದ್ದರು. ಕೈ ಕೆಳಗೆ ಸಹಾಯಕರಿದ್ದರು. ಅವರ ಯಶಸ್ಸನ್ನು ಕಾರ್ಡಿನ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಅವರಿಂದ ನಾವು ತೆಗೆದುಕೊಳ್ಳಬೇಕಾದ್ದು ಕಾರ್ಡಿನ ಸಂಖ್ಯೆಯನ್ನಲ್ಲ. ಕೇಳದೆ ಇರುವ ಸಂಯಮವನ್ನು. ಆ ಸಂಯಮಕ್ಕೆ ಕೈಬರಹವೂ ಸೇರಿದರೆ ಏನಾಗುತ್ತದೆ? ಇದಕ್ಕೂ ಪ್ರಯೋಗದ ಆಧಾರವಿದೆ. ಟೆಕ್ಸಾಸಿನ ವಿಶ್ವವಿದ್ಯಾಲಯವೊಂದರ ರ‍್ಯಾಂಡಿ ಗಾರ್ನರ್ ಎಂಬ ಸಂಶೋಧಕರು ಅಧ್ಯಾಪಕರಿಗೆ ಒಂದು ಉದ್ದದ ಪ್ರಶ್ನಾವಳಿ ಕಳಿಸಿದರು. ಅದನ್ನು ತುಂಬಿ ವಾಪಸು ಕಳಿಸಬೇಕು. ಕೆಲವರಿಗೆ ಬರೀ ಅಚ್ಚಾದ ಪ್ರಶ್ನಾವಳಿ. ಕೆಲವರಿಗೆ ಅದರ ಮೇಲೆಯೇ ಕೈಯಲ್ಲಿ ಬರೆದ ಒಂದು ಕೋರಿಕೆ. ಇನ್ನು ಕೆಲವರಿಗೆ, ಅಂಟಿಸುವ ಸಣ್ಣ ಹಳದಿ ಚೀಟಿಯಲ್ಲಿ ಅದೇ ಕೋರಿಕೆಯನ್ನು ಬರೆದು ಮೇಲೆ ಅಂಟಿಸಿದರು. ಬರೀ ಅಚ್ಚಿನದನ್ನು ತುಂಬಿ ಕಳಿಸಿದವರು ಮೂರರಲ್ಲಿ ಒಂದು ಪಾಲಿನಷ್ಟು. ಕೈಬರಹ ಕಂಡವರಲ್ಲಿ ಅರ್ಧದಷ್ಟು. ಚೀಟಿ ಸಿಕ್ಕವರಲ್ಲಿ ನಾಲ್ಕರಲ್ಲಿ ಮೂರು ಪಾಲು. 2005ರಲ್ಲಿ ಇದು ಪ್ರಕಟವಾಯಿತು. ಚೀಟಿಯಲ್ಲಿ ಏನೂ ಮಾಯೆ ಇಲ್ಲ. ಯಾರೋ ಒಬ್ಬರು ಕೂತು, ಬರೆದು, ಅಂಟಿಸಿದರು ಎಂಬುದು ಅದರಲ್ಲಿ ಕಾಣುತ್ತದೆ. ಹೋಟೆಲಿನ ಬಿಲ್ಲಿನ ಹಿಂದೆ ಬಡಿಸುವವರು ಪೆನ್ನಿನಲ್ಲಿ ವಂದನೆ ಎಂದು ಬರೆದರೆ ಟಿಪ್ಸು ಹೆಚ್ಚಾಗುತ್ತದೆ ಎಂದು 1995ರ ಇನ್ನೊಂದು ಅಮೆರಿಕನ್ ಅಧ್ಯಯನವೂ ಹೇಳಿತು. ನೂರಕ್ಕೆ 16ರಷ್ಟಿದ್ದದ್ದು 18ರಷ್ಟಾಯಿತು. ದೊಡ್ಡ ಏರಿಕೆಯಲ್ಲ. ಆದರೆ ಬರೆದದ್ದೂ ಒಂದೇ ಮಾತು.

ಹಾಗಾದರೆ ವಂದನೆ ಹೇಳಿದಲ್ಲೆಲ್ಲ ಫಲ ಬರುತ್ತದೆಯೇ? ಇಲ್ಲ. ಈ ವಾದದ ವಿರುದ್ಧ ಇರುವ ಅತಿ ದೊಡ್ಡ ಸಾಕ್ಷಿಯನ್ನು ನಿಮ್ಮ ಮುಂದೆ ಇಡದಿದ್ದರೆ ನಾನು ಪಕ್ಷಪಾತ ಮಾಡಿದಂತಾಗುತ್ತದೆ. ಅಮೆರಿಕದ ಸಾರ್ವಜನಿಕ ದೂರದರ್ಶನ ಕೇಂದ್ರಗಳು ಜನರ ದೇಣಿಗೆಯಿಂದಲೂ ನಡೆಯುತ್ತವೆ. ಅಲ್ಲಿ ಹಲವು ವರ್ಷ ಒಂದು ಪ್ರಯೋಗ ನಡೆಯಿತು. ಲಕ್ಷಾಂತರ ದಾನಿಗಳು ಅದರಲ್ಲಿ ಸೇರಿದ್ದರು. ಕೆಲವರಿಗೆ ಫೋನ್ ಮಾಡಿ ವಂದನೆ ಹೇಳಿದರು. ಕೆಲವರಿಗೆ ಹೇಳಲಿಲ್ಲ. ಮರುವರ್ಷ ನೋಡಿದರೆ ಎರಡು ಗುಂಪಿನ ದೇಣಿಗೆಯಲ್ಲಿ ವ್ಯತ್ಯಾಸವೇ ಇಲ್ಲ. ಈ ಕ್ಷೇತ್ರದಲ್ಲೇ ಪಳಗಿದವರು ಬಹಳ ಲಾಭವಾಗುತ್ತದೆ ಎಂದು ಊಹಿಸಿದ್ದರು. ಅವರ ಊಹೆ ಸುಳ್ಳಾಯಿತು. ಇದನ್ನು ತಳ್ಳಿಹಾಕುವಂತಿಲ್ಲ. ಒಡವೆ ಅಂಗಡಿಯ ಪ್ರಯೋಗಕ್ಕಿಂತ ಇದು ಎಷ್ಟೋ ಪಾಲು ದೊಡ್ಡದು. ನನ್ನ ತಿಳಿವಳಿಕೆಯಲ್ಲಿ ಇದು ಎರಡು ವಿಷಯ ಹೇಳುತ್ತದೆ. ಒಂದು, ವಂದನೆಯನ್ನು ಯಂತ್ರದ ಹಿಡಿಕೆ ಎಂದು ತಿಳಿಯಬಾರದು. ಹಿಡಿಕೆ ಒತ್ತಿದೆ, ಮಾರಾಟ ಬೀಳಲಿ ಎಂದರೆ ಆಗುವುದಿಲ್ಲ. ಎರಡು, ದಾನಿ ಮತ್ತು ಫೋನ್ ಮಾಡಿದವರು ಪರಸ್ಪರ ಅಪರಿಚಿತರು. ದಾನಿ ಮಾಡಿದ್ದನ್ನು ಕಣ್ಣಾರೆ ಕಂಡವರು ಆ ಕರೆಯಲ್ಲಿ ಇರಲಿಲ್ಲ. ಅಂಗಡಿಯ ಗಲ್ಲೆಯಲ್ಲಿ ಕೂತವರ ಸ್ಥಿತಿ ಬೇರೆ. ಅವರು ಗಿರಾಕಿಯನ್ನು ಕಂಡಿದ್ದಾರೆ. ಅರ್ಧ ಗಂಟೆ ಮಾತಾಡಿದ್ದಾರೆ. ಆ ಅರ್ಧ ಗಂಟೆಯೇ ಕಾಗದಕ್ಕೆ ಬಂಡವಾಳ. ಅದಿಲ್ಲದೆ ಬರೆದರೆ, ಎಷ್ಟು ದುಂಡಗೆ ಬರೆದರೂ ಅದು ಅಚ್ಚಿನ ಕಾಗದವೇ.

ಹಾಗಾದರೆ ಆ ಕಾಗದದಲ್ಲಿ ಏನಿರಬೇಕು? ಒಂದು ಹೊಲಿಗೆ ಯಂತ್ರದ ಅಂಗಡಿಯನ್ನು ಊಹಿಸಿಕೊಳ್ಳಿ. ಮೊದಲು ಒಂದು ಬಗೆಯ ಕಾಗದ ಕೇಳಿ. ‘ಆತ್ಮೀಯ ಗ್ರಾಹಕರೇ, ನಮ್ಮ ಸಂಸ್ಥೆಯನ್ನು ಆಯ್ಕೆ ಮಾಡಿಕೊಂಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಸೇವೆಗೆ ನಾವು ಸದಾ ಸಿದ್ಧ.’ ಮಾತಿನಲ್ಲಿ ತಪ್ಪಿಲ್ಲ. ಆದರೆ ಇದು ಯಾರಿಗೆ ಬರೆದದ್ದು? ಯಾರಿಗೂ ಆಗಬಹುದು. ಈಗ ಇನ್ನೊಂದು ಕೇಳಿ. ‘ಗಿರಿಜಮ್ಮನವರಿಗೆ ನಮಸ್ಕಾರ. ಮೊನ್ನೆ ಬುಧವಾರ ಆ ಮಳೆಯಲ್ಲೂ ಬಂದು ಯಂತ್ರ ತೆಗೆದುಕೊಂಡು ಹೋದಿರಿ. ಮೋಟಾರಿನದು ಬೇಡ, ಕರೆಂಟು ಹೋದರೂ ಕೆಲಸ ನಿಲ್ಲಬಾರದು, ಕಾಲಲ್ಲಿ ತುಳಿಯುವುದೇ ಕೊಡಿ ಎಂದು ನೀವು ಹೇಳಿದ್ದು ಸರಿಯಾಗಿತ್ತು. ಮೊದಲ ಹೊಲಿಗೆ ಮಗಳ ಯೂನಿಫಾರಂ ಎಂದಿದ್ದಿರಿ. ಈಗ ಅದು ಮುಗಿದಿರಬಹುದು. ನಮ್ಮ ಅಂಗಡಿಯನ್ನು ನಂಬಿ ಬಂದಿರಿ, ಬಹಳ ಉಪಕಾರವಾಯಿತು.’ ಇಷ್ಟೇ. ಮಳೆ, ತುಳಿಯುವ ಯಂತ್ರ, ಯೂನಿಫಾರಂ. ಈ ಮೂರು ಮಾತು ಇನ್ನೊಬ್ಬ ಗಿರಾಕಿಗೆ ಹೊಂದುವುದಿಲ್ಲ. ಅದಕ್ಕೇ ಗಿರಿಜಮ್ಮನವರು ಇದನ್ನು ಎರಡನೆಯ ಸಲ ಓದುತ್ತಾರೆ. ಮಗಳ ಕೈಗೂ ಕೊಡುತ್ತಾರೆ. ಇಲ್ಲಿ ಧನ್ಯವಾದ ಎಂಬ ಪದ ಇಲ್ಲ ಎಂಬುದನ್ನೂ ನೀವು ಗಮನಿಸಿರಬಹುದು. ಅದು ಬೇಕಾಗಲಿಲ್ಲ.

ಇಂಥ ಕಾಗದಕ್ಕೆ ಅಂಚೆ ಇಲಾಖೆಯ ಪೋಸ್ಟ್ ಕಾರ್ಡೇ ಸಾಕು. ಬೆಲೆ 50 ಪೈಸೆ. ಅಂಗೈಗಿಂತ ಸ್ವಲ್ಪ ದೊಡ್ಡ, ಮಾಸಲು ಹಳದಿಯ ಗಟ್ಟಿ ಕಾಗದ. ಹಿಂಬದಿ ಪೂರ್ತಿ ಬರೆಯಲು. ಮುಂಬದಿಯ ಬಲಕ್ಕೆ ವಿಳಾಸ, ಅದರ ಕೆಳಗೆ ಪಿನ್ ಕೋಡಿಗೆ ಆರು ಮನೆ. ಭಾರತದಲ್ಲಿ ಇದು ಬಂದದ್ದು 1879ರಲ್ಲಿ. ಜಾಗ ಕಡಿಮೆ ಇರುವುದು ಇದರ ಒಳ್ಳೆಯ ಗುಣ. ಉದ್ದ ಬರೆಯಲು ಬಿಡುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಪೋಸ್ಟ್ ಕಾರ್ಡು ತೆರೆದ ಕಾಗದ. ಅಂಚೆಯಣ್ಣ ಓದಬಹುದು, ಪಕ್ಕದ ಮನೆಯವರು ಓದಬಹುದು. ಒಡವೆ ಅಂಗಡಿಯವರು ‘ತಾವು ಕೊಂಡ ಎರಡೆಳೆ ಸರ’ ಎಂದು ಅದರಲ್ಲಿ ಬರೆದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ವಿಮೆಯ ಮೊತ್ತ, ಪಾಲಿಸಿ ಸಂಖ್ಯೆ, ಸಾಲದ ವಿಷಯ ಇವು ಯಾವುವೂ ತೆರೆದ ಕಾಗದದಲ್ಲಿ ಬರಬಾರದು. ಔಷಧಿ ಅಂಗಡಿಯವರಿಗಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಂಥ ಕಡೆ ಇನ್‌ಲ್ಯಾಂಡ್ ಕಾಗದವೋ ಅಂಟಿಸಿದ ಕವರೋ ಬೇಕು. ಗಿರಾಕಿ ತಾವಾಗಿ ಹೇಳಿದ್ದನ್ನು ಮಾತ್ರ ನೆನೆಯಬೇಕು. ನಾವು ಕದ್ದು ಕೇಳಿದ್ದನ್ನಲ್ಲ. ಗಮನಿಸಿದ್ದೇನೆ ಎಂಬ ಮಾತಿಗೂ ಕಣ್ಣಿಟ್ಟಿದ್ದೇನೆ ಎಂಬ ಮಾತಿಗೂ ನಡುವೆ ಇರುವ ಗೆರೆ ಬಹಳ ತೆಳು.

ಕಾಗದ ಏನನ್ನೂ ಕೇಳಬಾರದು, ಆ ಒಬ್ಬರಿಗೇ ಹೊಂದಬೇಕು, ಕೈಯಿಂದ ಬರೆದದ್ದಾಗಿರಬೇಕು ಎಂದು ಹೇಳಿದ್ದಾಯಿತು. ಈಗ ನಿಮ್ಮ ಮನಸ್ಸಿನಲ್ಲಿ ಎದ್ದಿರಬಹುದಾದ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದು ನಮ್ಮ ಪದ್ಧತಿಯೇ ಅಲ್ಲ ಎಂಬುದು. ನಿಜ, ನಾವು ಮನೆಯವರಿಗೆ, ನೆರೆಯವರಿಗೆ ಧನ್ಯವಾದ ಹೇಳುವವರಲ್ಲ. ಹೇಳಿದರೆ ದೂರ ಮಾಡಿದ ಹಾಗೆ ಅನ್ನಿಸುತ್ತದೆ. ಆದರೆ ಉಪಕಾರ ನೆನೆಯುವ ಪದ್ಧತಿ ನಮ್ಮಲ್ಲಿ ಬೇಕಾದಷ್ಟಿದೆ. ಕೊಸರು ಅದೇ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಗಿರಾಕಿಗಳನ್ನು ಅಂಗಡಿಗೆ ಕರೆದು ಎಲೆ ಅಡಿಕೆ ಕೊಡುವುದೂ ಅದೇ. ‘ನಿಮ್ಮಿಂದ ದೊಡ್ಡ ಕೆಲಸ ಆಯ್ತು’ ಎಂಬ ಮಾತು ಕನ್ನಡದಲ್ಲಿ ದಿನವೂ ಕೇಳುತ್ತದೆ. ಅದನ್ನೇ ಕಾಗದದ ಮೇಲೆ ಬರೆಯಿರಿ. ಹೃತ್ಪೂರ್ವಕ ಎಂಬ ಪದ ಹುಡುಕಬೇಕಾಗಿಲ್ಲ. ಎರಡನೆಯ ಆಕ್ಷೇಪ, ಇಷ್ಟೆಲ್ಲ ಬರೆಯಲು ಸಮಯ ಎಲ್ಲಿ ಎಂಬುದು. ಎಲ್ಲರಿಗೂ ಬರೆಯಬೇಡಿ. ದಿನಕ್ಕೆ ಮೂರು ಸಾಕು. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 900 ಕಾರ್ಡು. ಖರ್ಚು 450 ರೂಪಾಯಿ. ಕಾರ್ಡಿಗೆ ಐದು ನಿಮಿಷದಂತೆ ದಿನಕ್ಕೆ ಕಾಲು ಗಂಟೆ. ಅಂಗಡಿಯ ಬಾಗಿಲು ಎಳೆಯುವ ಮೊದಲು, ಲೆಕ್ಕದ ಪುಸ್ತಕ ಮುಚ್ಚುವ ಹೊತ್ತಿಗೆ, ಆ ದಿನದ ಮೂರು ಮುಖ ನೆನಪಿಗೆ ಬಂದೇ ಬರುತ್ತವೆ. ವಾಟ್ಸಾಪ್ ಇರುವಾಗ ಕಾರ್ಡು ಯಾಕೆ ಎಂದೂ ಕೇಳಬಹುದು. ಸುದ್ದಿ ಮುಟ್ಟಿಸಲು ವಾಟ್ಸಾಪ್ ಒಳ್ಳೆಯದು. ಆದರೆ ಅಲ್ಲಿ ಒಂದೇ ಹೂವಿನ ಚಿತ್ರ 200 ಜನರಿಗೆ ಒಟ್ಟಿಗೆ ಹೋಗುತ್ತದೆ. ಪಡೆದವರಿಗೂ ಅದು ಗೊತ್ತು. ಕಾರ್ಡಿನಲ್ಲಿ ಒತ್ತಿ ಬರೆದ ಅಕ್ಷರ ಇರುತ್ತದೆ. ಹೊಡೆದು ಹಾಕಿದ ಒಂದು ಪದ ಇರುತ್ತದೆ. ಅದರ ಎರಡನೆಯ ಪ್ರತಿ ಎಲ್ಲೂ ಇಲ್ಲ.

ನನ್ನ ಅಕ್ಷರ ಚೆನ್ನಾಗಿಲ್ಲ, ಬರೆಯಲು ಬರುವುದಿಲ್ಲ, ಸಂಕೋಚ ಅನ್ನುವವರು ಬಹಳ ಮಂದಿ. ಅವರಿಗಾಗಿ ಇನ್ನೊಂದು ಅಧ್ಯಯನದ ವಿಷಯ ಹೇಳುತ್ತೇನೆ. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು ಇದನ್ನು ಪ್ರಕಟಿಸಿದರು. ತಮಗೆ ಉಪಕಾರ ಮಾಡಿದವರಿಗೆ ಒಂದು ಕಾಗದ ಬರೆಯಲು ಜನರಿಗೆ ಹೇಳಿದರು. ಓದಿದವರಿಗೆ ಹೇಗೆ ಅನ್ನಿಸಬಹುದು ಎಂದು ಬರೆದವರನ್ನೇ ಕೇಳಿದರು. ಆಮೇಲೆ ಓದಿದವರನ್ನೂ ಕೇಳಿದರು. ಬರೆದವರು, ಓದುವವರಿಗೆ ಮುಜುಗರವಾಗಬಹುದು ಎಂದು ಹೆದರಿದ್ದರು. ಓದಿದವರಿಗೆ ಅಷ್ಟು ಮುಜುಗರ ಆಗಿರಲಿಲ್ಲ. ಅವರಿಗೆ ಆದ ಸಂತೋಷ ಬರೆದವರ ಊಹೆಗಿಂತ ಹೆಚ್ಚಿತ್ತು. ಬರೆಯುವವರ ಚಿಂತೆಯೆಲ್ಲ ಪದ ಸರಿಯಾಗಿದೆಯೇ ಎಂಬುದು. ಓದುವವರು ನೋಡುವುದು ಆತ್ಮೀಯತೆಯನ್ನು. ಇನ್ನು ಕೊನೆಯ ಆಕ್ಷೇಪ, ಅತ್ಯಂತ ಗಟ್ಟಿಯಾದದ್ದು. ಇದೆಲ್ಲ ಸ್ವಾರ್ಥವಲ್ಲವೇ? ವ್ಯಾಪಾರ ಹೆಚ್ಚಲಿ ಎಂದು ಬರೆದದ್ದನ್ನು ಕೃತಜ್ಞತೆ ಎನ್ನಬಹುದೇ? ವ್ಯಾಪಾರಿಗೆ ಲಾಭ ಬೇಕು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಕೊಸರು ಹಾಕಿದಾಕೆಗೂ ನಾಳೆ ನೀವು ಬರಬೇಕು. ಆದರೂ ಆ ನಾಲ್ಕು ಕಾಯಿ ಸುಳ್ಳಲ್ಲ. ಲಾಭದ ಆಸೆಯೂ ನಿಜವಾದ ನೆನಪೂ ಒಂದೇ ಮನಸ್ಸಿನಲ್ಲಿ ಇರಬಹುದು. ಕಪಟ ಬರುವುದು ನೆನಪೇ ಇಲ್ಲದೆ ಇದೆ ಎಂದು ತೋರಿಸಿದಾಗ. ವಿಮೆಯವರು 13ನೇ ತಿಂಗಳು ಎಂಬ ಒಂದು ಲೆಕ್ಕ ಇಡುತ್ತಾರೆ. ಮೊದಲ ವರ್ಷ ಕಳೆದ ಮೇಲೆ ಎಷ್ಟು ಪಾಲಿಸಿ ಮುಂದುವರಿದವು ಎಂಬ ಲೆಕ್ಕ ಅದು. ಕಂತಿನ ತಾರೀಖು ಹತ್ತಿರ ಬಂದಾಗ ಮಾತ್ರ ನೆನಪಾಗುವ ಏಜೆಂಟರನ್ನು ಗಿರಾಕಿ ಬಹಳ ಬೇಗ ಗುರುತಿಸುತ್ತಾರೆ. ಕಂತಿಗೆ ಸಂಬಂಧವೇ ಇಲ್ಲದ ಒಂದು ದಿನ ಬಂದ ನಾಲ್ಕು ಸಾಲು ಬೇರೆಯೇ ಕತೆ ಹೇಳುತ್ತದೆ.

ಹಾಗಾದರೆ ನನ್ನ ಕಾಗದದಲ್ಲಿ ಇರುವುದು ನಿಜವಾದ ನೆನಪೋ, ಬರೀ ಲೆಕ್ಕಾಚಾರವೋ ಎಂದು ಬರೆಯುವವರು ಹೇಗೆ ತಿಳಿಯುವುದು? ಒಂದು ದಾರಿ ಇದೆ. ಕೊಳ್ಳದೆ ಹೋದವರಿಗೆ ಬರೆದು ನೋಡಿ. ಅವರೂ ಏನೋ ಮಾಡಿದ್ದಾರೆ. ಮೆಟ್ಟಿಲು ಹತ್ತಿದ್ದಾರೆ, ಕೂತು ಮಾತಾಡಿದ್ದಾರೆ, ದರ ಕೇಳಿದ್ದಾರೆ. ತಮಗೆ ಏನು ಬೇಕು ಎಂದು ಹೇಳಿ, ನಮಗೆ ಗೊತ್ತಿಲ್ಲದ ಒಂದು ವಿಷಯ ತಿಳಿಸಿದ್ದಾರೆ. ಆಮೇಲೆ ಪಕ್ಕದ ಬೀದಿಯಲ್ಲಿ ಕೊಂಡಿದ್ದಾರೆ. ಅವರಿಗೆ ಹೀಗೆ ಬರೆಯಬಹುದು. ‘ನಮಸ್ಕಾರ. ಪಂಪ್‌ಸೆಟ್ ಬೇರೆ ಕಡೆ ತೆಗೆದುಕೊಂಡಿರಿ ಎಂದು ತಿಳಿಯಿತು. ನಿಮ್ಮ ಬಾವಿಯ ಆಳಕ್ಕೆ ನಮ್ಮಲ್ಲಿದ್ದದ್ದು ಸಾಲದು ಎಂದು ನೀವು ಹೇಳಿದ್ದು ನಿಜ. ಆ ಅಳತೆಯದನ್ನು ನಾವೂ ಇಡಬೇಕು ಎಂದು ಅವತ್ತೇ ಗೊತ್ತಾಯಿತು. ಸೋಮವಾರ ಅಷ್ಟು ಹೊತ್ತು ಕೂತು ವಿವರಿಸಿದಿರಿ. ಈ ಸಲದ ಬೆಳೆಗೆ ನೀರು ಚೆನ್ನಾಗಿ ಹರಿಯಲಿ.’ ಅಷ್ಟು ಬರೆದು, ಕೆಳಗೆ ಹೆಸರು ಹಾಕಿ, ಆರು ಮನೆಯಲ್ಲಿ ಪಿನ್ ಕೋಡು ತುಂಬಿ, ಕೆಂಪು ಡಬ್ಬಿಗೆ ಹಾಕುವುದು.